ಆಡುವವರು ನಾವು, ಕೊಳ್ಳುವವರು ಬೇರೆ

2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನ ಒಳಗಿನ ಒಂದಷ್ಟು ಕಾಗದಪತ್ರ ಬಯಲಿಗೆ ಬಿತ್ತು. ಅದರಲ್ಲಿ ಯಾವ ಹ್ಯಾಕರನ ಕೈವಾಡವೂ ಇರಲಿಲ್ಲ. ಅಮೆರಿಕದಲ್ಲಿ ಕಂಪನಿಗಳ ಪೈಪೋಟಿ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ್ದ ದಾವೆಗೆಂದು ಕೋರ್ಟಿಗೆ ಕೊಟ್ಟ ಕಡತಗಳ ಜೊತೆಗೆ, ಮುಚ್ಚಿಡಬೇಕಿದ್ದವೂ ಸೇರಿಕೊಂಡು ಕೋರ್ಟಿನ ಜಾಲತಾಣಕ್ಕೆ ಹೋಗಿಬಿಟ್ಟಿದ್ದವು. ಮೈಕ್ರೋಸಾಫ್ಟಿನ ಆಟದ ಯಂತ್ರವಾದ ಎಕ್ಸ್‌ಬಾಕ್ಸ್ ಮುಂದೆ ಹೇಗಿರುತ್ತದೆ ಎಂಬ ಚಿತ್ರಗಳಿಗೇ ಎಲ್ಲರೂ ಮುಗಿಬಿದ್ದರು. ನನ್ನ ಕಣ್ಣು ನಿಂತದ್ದು 2022ರ ಮೇ ತಿಂಗಳ ಒಂದು ಇಮೇಲಿನ ಮೇಲೆ.

ಬರಲಿರುವ ದೊಡ್ಡ ಆಟಗಳನ್ನು ಮೊದಲ ದಿನವೇ ಗೇಮ್ ಪಾಸ್‌ಗೆ, ಅಂದರೆ ತಿಂಗಳ ಚಂದಾ ಕಟ್ಟಿ ಪಟ್ಟಿಯಲ್ಲಿರುವ ಆಟಗಳನ್ನೆಲ್ಲ ಆಡುವ ಮೈಕ್ರೋಸಾಫ್ಟಿನ ಸೇವೆಗೆ, ಹಾಕಿಸಬೇಕೆಂದರೆ ಯಾವುದಕ್ಕೆ ಎಷ್ಟು ಸುರಿಯಬೇಕಾದೀತು ಎಂಬ ಅಂದಾಜು ಅದರಲ್ಲಿತ್ತು. ಸ್ಟಾರ್ ವಾರ್ಸ್ ಜೆಡೈ: ಸರ್ವೈವರ್‌ಗೆ 30 ಕೋಟಿ ಡಾಲರ್. ಹೊಸ ಮಾರ್ಟಲ್ ಕಾಂಬ್ಯಾಟ್‌ಗೆ 25 ಕೋಟಿ. ಅಸಾಸಿನ್ಸ್ ಕ್ರೀಡ್ ಮಿರಾಜ್‌ಗೆ 10 ಕೋಟಿ. ಹಳೆಯ ಜಿಟಿಎ 5 ಬೇಕೆಂದರೂ ತಿಂಗಳಿಗೆ 1.2ರಿಂದ 1.5 ಕೋಟಿ. ಅದೇ ಪಟ್ಟಿಯಲ್ಲಿ ಬಾಲ್ಡರ್ಸ್ ಗೇಟ್ 3 ಕೂಡ ಇತ್ತು. ಅದಕ್ಕೆ ಕಟ್ಟಿದ ಬೆಲೆ 50 ಲಕ್ಷ ಡಾಲರ್. ಪಕ್ಕದ ವಿವರಣೆಯಲ್ಲಿ ಅದನ್ನು ಗೂಗಲ್ಲಿನ ಆಟದ ಸೇವೆ ಸ್ಟಾಡಿಯಾದಿಂದ ಎರಡನೇ ಸುತ್ತಿಗೆ ಬರುತ್ತಿರುವ ಒಂದು ಪಿಸಿ ಆರ್‌ಪಿಜಿ (ಪಾತ್ರವಾಗಿ ಆಡುವ ಕತೆಯಾಟ) ಅನ್ನುವಷ್ಟಕ್ಕೆ ಮುಗಿಸಿದ್ದರು.

ಆ ಆಟ 2023ರ ಆಗಸ್ಟಿನಲ್ಲಿ ಪೂರ್ತಿಯಾಗಿ ಹೊರಬಂತು. ಆಮೇಲಿನದು ಆಟ ಆಡುವ ಎಲ್ಲರಿಗೂ ಗೊತ್ತು. ವರ್ಷದ ಪ್ರಶಸ್ತಿಗಳನ್ನೆಲ್ಲ ಬಾಚಿಕೊಂಡಿತು, ಬೆಲ್ಜಿಯಮ್ಮಿನ ಲೇರಿಯನ್ ಸ್ಟುಡಿಯೊ ರಾತ್ರೋರಾತ್ರಿ ಮನೆಮಾತಾಯಿತು. ಅಂದಾಜು ಹಾಕಿದವರನ್ನು ಜನ ಆಡಿಕೊಂಡು ನಕ್ಕರು. ಅಂದಾಜು ಯಾರಿಗಾದರೂ ತಪ್ಪುತ್ತದೆ ಬಿಡಿ, ಅದೇನು ದೊಡ್ಡ ಮಾತಲ್ಲ. ನನ್ನನ್ನು ಕಾಡಿದ್ದು, ಹಾಗೊಂದು ಪಟ್ಟಿ ಇದೆ ಎನ್ನುವುದೇ. ಒಂದು ಆಟಕ್ಕೆ ಬೆಲೆ ಕಟ್ಟುವ ಕೆಲಸ ಆಡುವವನ ಕೈಯಿಂದ ಜಾರಿ ಒಂದು ಆಫೀಸಿನ ಟೇಬಲ್ಲಿಗೆ ಹೋಗಿ ಕೂತಿದೆ. ಚಂದಾ ಸೇವೆಗಳಿಂದ ಆಟಗಳ ಮಾರಾಟ ಏರಿತೋ ಇಳಿಯಿತೋ ಎಂದು ನಾವು ಕಿತ್ತಾಡುತ್ತಿರುವಾಗಲೇ ಆಟ ಕಟ್ಟುವ ಡೆವಲಪರ್‌ಗಳ ಗಿರಾಕಿಯೇ ಬದಲಾಗಿದ್ದಾನೆ.

ಚಂದಾ ಸೇವೆಗಳನ್ನು ಹಳಿಯುವ ನೈತಿಕ ಹಕ್ಕು ನನ್ನ ತಲೆಮಾರಿನ ಕನ್ನಡದ ಆಟಗಾರರಿಗೆ ಅಷ್ಟಾಗಿ ಇಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮೂರುಗಳಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವನೇ ವಿಂಡೋಸ್ ಜೊತೆ ನಾಲ್ಕು ಗೇಮ್ ಹಾಕಿ ಕೊಡುತ್ತಿದ್ದ. ಅದು ಅವನ ಸರ್ವಿಸ್ಸಿನ ಭಾಗ. ಬೆಂಗಳೂರಿಗೆ ಬಂದವರು ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಿ ತೆಳ್ಳನೆ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕರಿನಿಂದ ಹೆಸರು ಗೀಚಿದ ಡಿವಿಡಿ ತರುತ್ತಿದ್ದರು. ಆಟದ ಬೀಗ ಮುರಿಯುವ ಕ್ರ್ಯಾಕ್ ಫೋಲ್ಡರನ್ನು ಎಲ್ಲಿ ಪೇಸ್ಟ್ ಮಾಡಬೇಕು ಅನ್ನುವುದು ಮಗ್ಗಿಯಷ್ಟೇ ಬಾಯಿಪಾಠ. ಆಟ ಮಾಡಿದವನಿಗೆ ದುಡ್ಡು ಹೋಗಬೇಕು ಎಂಬ ಯೋಚನೆ ಮೊದಲು ಹುಟ್ಟಿದ್ದು ಆನ್‌ಲೈನ್ ಆಟದಂಗಡಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ಹಾಕಿ, ಸೇಲ್ ಹಚ್ಚಿದ ಮೇಲೆ.

ಹಾಗಿರುವಾಗ ಬಂತು ಗೇಮ್ ಪಾಸ್. 2017ರ ಜೂನ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರಿಗೆ ಶುರುವಾದಾಗ ಅದು ಹಳೆ ಆಟಗಳ ಗೋದಾಮು ಅಷ್ಟೇ. 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಇನ್ನು ಮುಂದೆ ತನ್ನ ಆಟಗಳೆಲ್ಲ ಬಿಡುಗಡೆಯ ದಿನವೇ ಚಂದಾದಾರರಿಗೆ ಸಿಗುತ್ತವೆ ಎಂದಿತು. ಆ ಮಾರ್ಚಿನಲ್ಲಿ ಸೀ ಆಫ್ ಥೀವ್ಸ್ ಹಾಗೆ ಬಂದ ಮೊದಲ ಆಟ. ನಮ್ಮಲ್ಲಿ ಹೊಸ ದೊಡ್ಡ ಆಟಕ್ಕೆ ನಾಲ್ಕೈದು ಸಾವಿರ ರೂಪಾಯಿ. ಗೇಮ್ ಪಾಸ್ ಆಗ ತಿಂಗಳಿಗೆ ಐನೂರರ ಆಸುಪಾಸು, ಹೊಸಬರಿಗೆ ಮೊದಲ ತಿಂಗಳು 50 ರೂಪಾಯಿಯ ಆಫರ್ ಬೇರೆ. ಲೆಕ್ಕ ಹಾಕಲು ಚಾರ್ಟರ್ಡ್ ಅಕೌಂಟೆಂಟ್ ಬೇಕಿರಲಿಲ್ಲ. ನಕಲಿ ಡಿವಿಡಿಯ ಕಾಲದವರಲ್ಲಿ ಎಷ್ಟೋ ಮಂದಿ ಆಟಕ್ಕೆಂದು ನೆಟ್ಟಗೆ ದುಡ್ಡು ಕೊಡಲು ಕಲಿತದ್ದೇ ಆಗ. ಆ ಋಣವನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಮಾರಾಟದ ಮಾತು. 2018ರಲ್ಲಿ ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಹೇಳುತ್ತಿದ್ದುದು ಹೀಗೆ: ಫೋರ್ಜಾ ಹೊರೈಜನ್ 4 ಗೇಮ್ ಪಾಸ್‌ಗೆ ಬಂದರೆ ತಕ್ಷಣ ಆಡುವವರು ಹೆಚ್ಚುತ್ತಾರೆ, ಅವರನ್ನು ನೋಡಿ ಉಳಿದವರೂ ಆಡಲು ಬರುತ್ತಾರೆ, ಹಾಗಾಗಿ ಮಾರಾಟವೂ ಏರುತ್ತದೆ. ಮಾತು ಕೇಳಲು ಸರಿಯಾಗಿಯೇ ಇತ್ತು, ವರ್ಷಗಟ್ಟಲೆ ನಾವೂ ಅದನ್ನೇ ಉರು ಹೊಡೆದೆವು. 2023ರ ಫೆಬ್ರವರಿಯಲ್ಲಿ ಬೇರೆಯೇ ದನಿ ಕೇಳಿಸಿತು. ಕಾಲ್ ಆಫ್ ಡ್ಯೂಟಿ ಆಟಗಳ ಕಂಪನಿ ಆಕ್ಟಿವಿಷನ್ ಬ್ಲಿಝರ್ಡನ್ನು 6,870 ಕೋಟಿ ಡಾಲರಿಗೆ ಕೊಳ್ಳಲು ಹೊರಟಿದ್ದ ಮೈಕ್ರೋಸಾಫ್ಟನ್ನು ಬ್ರಿಟನ್ನಿನ ಪೈಪೋಟಿ ನಿಯಂತ್ರಕರಾದ ಸಿಎಂಎ ತನಿಖೆ ಮಾಡುತ್ತಿತ್ತು. ಅದರ ತಾತ್ಕಾಲಿಕ ವರದಿಯಲ್ಲಿ ಮೈಕ್ರೋಸಾಫ್ಟೇ ಕೊಟ್ಟ ಮಾಹಿತಿ ಇತ್ತು: ಗೇಮ್ ಪಾಸ್‌ಗೆ ಸೇರಿದ ಆಟಗಳ (ಸೇರ್ಪಡೆಗಳನ್ನು ಬಿಟ್ಟು, ಮೂಲ ಆಟದ) ಮಾರಾಟ ಮುಂದಿನ 12 ತಿಂಗಳಲ್ಲಿ ಇಳಿಯುತ್ತದೆ. ಶೇಕಡಾ ಎಷ್ಟು? ಅಂಕಿ ಇರಬೇಕಾದ ಜಾಗದಲ್ಲಿ ಪುಟ್ಟ ಕತ್ತರಿಯ ಚಿಹ್ನೆ. ವ್ಯಾಪಾರದ ಗುಟ್ಟನ್ನು ಅಳಿಸಿದಲ್ಲೆಲ್ಲ ಸಿಎಂಎ ಹಾಕುವ ಗುರುತು ಅದು. ಇಷ್ಟು ವರ್ಷದ ಇಡೀ ವಾದದ ಉತ್ತರ ಆ ಕತ್ತರಿಯ ಹಿಂದೆ ಅಡಗಿ ಕೂತಿದೆ.

ಹಾಗಂತ ಚಂದಾ ಸೇವೆಗೆ ಹೋದ ಪ್ರತಿ ಆಟವೂ ಮಾರಾಟದಲ್ಲಿ ಸೋಲುತ್ತದೆ ಅಂದರೆ ಅದೂ ಸುಳ್ಳು. ಗುಡ್ಡದಿಂದ ಸೈಕಲ್ ಇಳಿಸುವ ಡಿಸೆಂಡರ್ಸ್ ಎಂಬ ಸಣ್ಣ ಆಟವಿದೆ. ಗೇಮ್ ಪಾಸ್‌ಗೆ ಹೋದ ಮೇಲೆ ಅದೇ ಎಕ್ಸ್‌ಬಾಕ್ಸಿನಲ್ಲಿ ಅದರ ಮಾರಾಟ ಹಲವು ಪಟ್ಟು ಏರಿತು ಎಂದು ಪ್ರಕಾಶಕ ಮೈಕ್ ರೋಸ್ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಹೆಸರೇ ಕೇಳದ ಆಟ ಅದು. ಚಂದಾದಾರನೊಬ್ಬ ಆಡಿದ, ಚಂದಾ ಇಲ್ಲದ ಗೆಳೆಯನನ್ನು ಆನ್‌ಲೈನಿಗೆ ಕರೆದ, ಗೆಳೆಯ ಕೊಂಡ. 2024ರ ಜನವರಿಯಲ್ಲಿ ಬಂದ ಪಾಲ್‌ವರ್ಲ್ಡ್ ಮೊದಲ ದಿನದಿಂದಲೇ ಗೇಮ್ ಪಾಸ್‌ನಲ್ಲಿತ್ತು. ಆದರೂ ಒಂದೇ ತಿಂಗಳೊಳಗೆ ಸ್ಟೀಮಿನಲ್ಲಿ 1.5 ಕೋಟಿ ಪ್ರತಿ ಮಾರಿತು. ಎಕ್ಸ್‌ಬಾಕ್ಸ್ ಕಡೆಯಿಂದ ಇನ್ನೊಂದು ಕೋಟಿ ಆಟಗಾರರು. ಫ್ರಾನ್ಸಿನ ಮಾಂಪೆಲ್ಯೇ ಊರಿನ ಸ್ಯಾಂಡ್‌ಫಾಲ್ ಮಾಡಿದ ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಕೂಡ ಹಾಗೆಯೇ. 2025ರ ಏಪ್ರಿಲಿನಲ್ಲಿ ಮೊದಲ ದಿನವೇ ಚಂದಾದಾರರಿಗೆ ಸಿಕ್ಕಿತು, ಮೂರೇ ದಿನದಲ್ಲಿ 10 ಲಕ್ಷ, 33 ದಿನದಲ್ಲಿ 33 ಲಕ್ಷ ಪ್ರತಿ ಖರ್ಚಾಯಿತು.

ಈ ಗೆದ್ದ ಆಟಗಳ ಕತೆಯಲ್ಲಿ ಒಂದನ್ನು ಗಮನಿಸಬೇಕು. ಇವು ಭರ್ಜರಿಯಾಗಿ ಮಾರಿದ್ದು ಹೆಚ್ಚಾಗಿ ಗೇಮ್ ಪಾಸ್ ಹರಡದ ಜಾಗಗಳಲ್ಲಿ. ಪಾಲ್‌ವರ್ಲ್ಡ್ ಸ್ಟೀಮಿನಲ್ಲಿ, ಎಕ್ಸ್‌ಪೆಡಿಷನ್ 33 ಸೋನಿಯ ಯಂತ್ರವಾದ ಪ್ಲೇಸ್ಟೇಷನ್ನಿನಲ್ಲಿಯೂ ಸ್ಟೀಮಿನಲ್ಲಿಯೂ. ಒಂದು ಕಡೆ ಬಿಟ್ಟಿ ಸಿಕ್ಕಂತೆ ಆಡಿದವರ ಗದ್ದಲ, ಇನ್ನೊಂದು ಕಡೆ ದುಡ್ಡು ಕೊಟ್ಟು ಕೊಳ್ಳುವವರ ಮಾರುಕಟ್ಟೆ. ಎರಡೂ ಜೊತೆಗಿರುವ ತನಕ ಚಂದಾ ಸೇವೆ ಡೆವಲಪರ್‌ಗೆ ಜಾಹೀರಾತಿನ ಕೆಲಸ ಮಾಡುತ್ತದೆ, ಮೇಲೆ ಅದಕ್ಕೆ ದುಡ್ಡನ್ನೂ ಕೊಡುತ್ತದೆ. ಎಲ್ಲರೂ ಚಂದಾದಾರರೇ ಆಗಿಬಿಟ್ಟರೆ ಆ ಗದ್ದಲ ಕೇಳಿ ಓಡಿಬಂದು ಕೊಳ್ಳುವವರು ಯಾರು?

ಓಡ್‌ವರ್ಲ್ಡ್: ಸೋಲ್‌ಸ್ಟಾರ್ಮ್‌ನದು ಇದರ ತಿರುವುಮುರುವು. 2021ರ ಏಪ್ರಿಲಿನಲ್ಲಿ ಅದು ಪ್ಲೇಸ್ಟೇಷನ್ 5 (ಪಿಎಸ್5) ಇರುವ, ಸೋನಿಯ ಚಂದಾ ಸೇವೆ ಪ್ಲೇಸ್ಟೇಷನ್ ಪ್ಲಸ್‌ನ ಸದಸ್ಯರಿಗೆಲ್ಲ ತಿಂಗಳ ಉಚಿತ ಆಟವಾಗಿ ಬಂತು. ಒಪ್ಪಂದಕ್ಕೆ ಸಹಿ ಹಾಕುವಾಗ, ಪಿಎಸ್5 ಇನ್ನೂ ಹೊಸದು, ಹೆಚ್ಚೆಂದರೆ 50 ಸಾವಿರದಿಂದ ಒಂದು ಲಕ್ಷ ಪ್ರತಿ ಹೋಗಬಹುದಿತ್ತು ಎಂದು ಸೃಷ್ಟಿಕರ್ತ ಲೋರ್ನ್ ಲ್ಯಾನಿಂಗ್ ಲೆಕ್ಕ ಹಾಕಿದ್ದರು. ಬಿಡುಗಡೆ ತಡವಾಯಿತು, ಅಷ್ಟರಲ್ಲಿ ಯಂತ್ರಗಳು ಮನೆಮನೆ ಸೇರಿದವು. ಕೊನೆಗೆ ಹತ್ತಿರ ಹತ್ತಿರ 40 ಲಕ್ಷ ಜನ ಪುಕ್ಕಟೆ ಇಳಿಸಿಕೊಂಡರು. ಆ ಹೊಡೆತವನ್ನು ಅವರು ಆಮೇಲೆ ಸಂದರ್ಶನದಲ್ಲಿ ತೋಡಿಕೊಂಡರು. ಆಟ ಜನಪ್ರಿಯವಾದದ್ದೇ ಅದನ್ನು ಮಾಡಿದವನಿಗೆ ನಷ್ಟವಾಗಿ ಕಾಣುವ ವಿಚಿತ್ರ ಈ ವ್ಯವಸ್ಥೆಯಲ್ಲಿ ಮಾತ್ರ ಸಾಧ್ಯ.

ಈಗ ದುಡ್ಡು ಹೇಗೆ ಹರಿಯುತ್ತದೆ ನೋಡಿ. ಸ್ಟೀಮಿನಂಥ ಅಂಗಡಿಯಲ್ಲಿ ಲೆಕ್ಕ ಸರಳ. ಒಂದು ಪ್ರತಿ ಹೋದರೆ ಸಾಮಾನ್ಯವಾಗಿ ಶೇ 30 ಅಂಗಡಿಗೆ, ಉಳಿದದ್ದು ಪ್ರಕಾಶಕನಿಗೆ, ಅವನಿಂದ ಡೆವಲಪರ್‌ಗೆ. ಚಂದಾ ಸೇವೆಯಲ್ಲಿ ಇಂಥ ಒಂದು ದರ ಎಂಬುದೇ ಇಲ್ಲ. 2020ರಲ್ಲಿ ಸ್ಪೆನ್ಸರ್ ಅವರೇ ಹೇಳಿದಂತೆ ಒಪ್ಪಂದಗಳು ನಾನಾ ಬಗೆ. ಕೆಲವರಿಗೆ ಆಟ ಕಟ್ಟುವ ಪೂರ್ತಿ ಖರ್ಚನ್ನೇ ಕೊಡುತ್ತಾರೆ, ಕೆಲವರಿಗೆ ಒಂದೇ ಗಂಟು, ಇನ್ನು ಕೆಲವರಿಗೆ ಎಷ್ಟು ಆಡಿದರು ಎಂಬುದರ ಮೇಲೆ. ಪಕ್ಕದ ಸ್ಟುಡಿಯೊಗೆ ಎಷ್ಟು ಸಿಕ್ಕಿತೆಂದು ಈ ಸ್ಟುಡಿಯೊಗೆ ತಿಳಿಯದು. ಚೌಕಾಸಿಯಲ್ಲಿ ಒಂದು ಕಡೆಯವರ ಕೈಯಲ್ಲಿ ಎಲ್ಲರ ಲೆಕ್ಕ, ಇನ್ನೊಂದು ಕಡೆಯವರ ಕೈಯಲ್ಲಿ ತಮ್ಮದೊಂದೇ.

ಕನ್ನಡ ಪುಸ್ತಕ ಲೋಕ ಬಲ್ಲವರಿಗೆ ಈ ಚಿತ್ರ ಹೊಸದೇನಲ್ಲ. ನಮ್ಮ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ತೆಗೆದುಕೊಳ್ಳಿ. ಆಯ್ಕೆಯಾದ ಪುಸ್ತಕದ 300 ಪ್ರತಿ ಒಟ್ಟಿಗೆ ಹೋಗುತ್ತದೆ ಎಂಬ ಒಂದೇ ಭರವಸೆಯ ಮೇಲೆ ಎಷ್ಟೋ ಪ್ರಕಾಶನ ಸಂಸ್ಥೆಗಳು ಉಸಿರಾಡಿವೆ. ಅದಿಲ್ಲದಿದ್ದರೆ ಅಚ್ಚಿನ ಮುಖವನ್ನೇ ಕಾಣದಿದ್ದ ಒಳ್ಳೆಯ ಕವನ ಸಂಕಲನಗಳು ಬೇಕಾದಷ್ಟಿವೆ. ಆದರೆ ಅದೇ ಭರವಸೆಯ ಮೇಲೆ, ಓದುಗ ಎಂಬೊಬ್ಬನಿದ್ದಾನೆ ಅನ್ನುವುದನ್ನೇ ಮರೆತು, ಆಯ್ಕೆ ಸಮಿತಿಗೆಂದೇ ಹುಟ್ಟಿದ ಪುಸ್ತಕಗಳೂ ಬಂದಿವೆ. ಖರೀದಿ ಒಂದು ವರ್ಷ ತಡವಾದರೆ, ಬಿಲ್ ಪಾಸಾಗದಿದ್ದರೆ, ಇಡೀ ಉದ್ಯಮ ಹೊಟ್ಟೆ ಹಿಡಿದುಕೊಂಡು ಕೂರುತ್ತದೆ. ಸಗಟು ಖರೀದಿದಾರ ಒಬ್ಬನೇ ಆದಾಗ ಆಗುವುದು ಇದೇ. ಅವನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಆಮೇಲಿನ ಮಾತು.

ಸಗಟು ಖರೀದಿಯ ಒಳ್ಳೆಯ ಮುಖ ನೋಡಬೇಕೆಂದರೆ ವೆನ್ಬಾ ಆಡಬೇಕು. ಟೊರಾಂಟೊದ ವಿಸೈ ಗೇಮ್ಸ್ ಮಾಡಿದ್ದು. 1980ರ ದಶಕದ ಕೊನೆಯಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿಯ ಕತೆ. ಆಟ ಅಂದರೆ ಅಡುಗೆ. ಅಮ್ಮ ಕೊಟ್ಟ ಹಳೆಯ ಅಡುಗೆ ಪುಸ್ತಕದ ಅಕ್ಷರ ಅಳಿಸಿಹೋಗಿದೆ, ಉಳಿದ ಅರ್ಧಂಬರ್ಧ ಸಾಲು ನೋಡಿಕೊಂಡು ಇಡ್ಲಿ ಬೇಯಿಸಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು ಅನ್ನುವುದೇ ಒಗಟು. ದಕ್ಷಿಣ ಭಾರತದ ಯಾವ ಅಡುಗೆಮನೆಯಲ್ಲಿ ಬೆಳೆದವರೂ ಮೌಸ್ ಹಿಡಿದ ಕೈಯಲ್ಲೇ ಅದನ್ನು ಸರಿಮಾಡಿಬಿಡುತ್ತಾರೆ. ಆಟವೆಂದರೆ ಗುಂಡು ಹಾರಿಸುವುದು ಎಂದು ನಂಬಿದ್ದ ನಮ್ಮತ್ತಿಗೆ ಹಿಂದೆ ನಿಂತು ನೋಡುತ್ತಿದ್ದವರು, "ಅಯ್ಯೋ, ತೂತಿನ ಮೇಲೆ ಗುಳಿ ಬರಬೇಕು ಕಣೋ, ಇಲ್ಲಾಂದ್ರೆ ಮೇಲಿನ ತಟ್ಟೆ ಅಂಟ್ಕೊಳುತ್ತೆ" ಎಂದು ನನ್ನನ್ನು ಗದರಿಸಿ, ಆಮೇಲೆ ಆಟದ ಮುಂದಿನ ಅಡುಗೆಯಾದ ಪುಟ್ಟುವಿನ ತನಕ ಎದ್ದು ಹೋಗಲಿಲ್ಲ.

ಇಡೀ ಆಟ ಒಂದು ಸಿನಿಮಾದಷ್ಟೂ ಉದ್ದವಿಲ್ಲ. 2023ರ ಜುಲೈ 31ರಂದು ಬಿಡುಗಡೆಯ ದಿನವೇ ಗೇಮ್ ಪಾಸ್‌ಗೆ ಬಂತು, ಮರುವರ್ಷ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ಲಿನ ಅತಿದೊಡ್ಡ ಪ್ರಶಸ್ತಿ ಗೆದ್ದಿತು. ಇಂಥ ಆಟಕ್ಕೆ ಪ್ರತಿ ಲೆಕ್ಕದ ಮಾರುಕಟ್ಟೆ ಬಹಳ ಒರಟು. ಇಷ್ಟು ಹೊತ್ತು ಆಡಲು ಇಷ್ಟು ದುಡ್ಡಾ ಎಂದು ಗಂಟೆಯ ಲೆಕ್ಕದಲ್ಲಿ ಬೆಲೆ ಕಟ್ಟುವ ಜಾತಿ ನಮ್ಮದು. ಚಂದಾ ಇದ್ದವನು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಒಮ್ಮೆ ನೋಡೋಣ ಎಂದು ಒಳಗೆ ಹೋಗುತ್ತಾನೆ, ಕಣ್ಣೊರೆಸಿಕೊಂಡು ಹೊರಗೆ ಬರುತ್ತಾನೆ. ಸಣ್ಣ, ವಿಚಿತ್ರ, ಯಾವ ಕಪಾಟಿಗೂ ಹೊಂದದ ಆಟಗಳಿಗೆ ಚಂದಾ ಸೇವೆ ಒಂದು ಕಾಲಕ್ಕೆ ನಿಜವಾದ ಆಸರೆಯಾಗಿತ್ತು.

ಸಗಟು ಖರೀದಿದಾರನ ರುಚಿ ಬದಲಾಗಲು ಹೆಚ್ಚು ಹೊತ್ತು ಬೇಡ ಎನ್ನುವುದೇ ತೊಂದರೆ. ಆಪಲ್ಲಿನ ಆಟದ ಚಂದಾ ಸೇವೆ ಆಪಲ್ ಆರ್ಕೇಡ್ 2019ರ ಸೆಪ್ಟೆಂಬರಿನಲ್ಲಿ ಶುರುವಾದಾಗ ನಮ್ಮಲ್ಲಿ ತಿಂಗಳಿಗೆ 99 ರೂಪಾಯಿ. ಜಾಹೀರಾತಿಲ್ಲದ, ರತ್ನ ಕೊಳ್ಳಿ ಕಾಸು ಕೊಳ್ಳಿ ಎಂದು ಪೀಡಿಸದ ಚೆಂದದ ಆಟಗಳು. ವರ್ಷ ತುಂಬುವ ಮೊದಲೇ, 2020ರ ಜೂನಿನಲ್ಲಿ, ಆಪಲ್ ಕೆಲವು ಸ್ಟುಡಿಯೊಗಳ ಒಪ್ಪಂದ ರದ್ದು ಮಾಡಿದೆ ಎಂದು ಬ್ಲೂಮ್‌ಬರ್ಗ್ ವರದಿ ಮಾಡಿತು. ಕಾರಣ, ಜನರನ್ನು ತಿಂಗಳು ತಿಂಗಳು ಕಟ್ಟಿಹಾಕುವ ಆಟ ಬೇಕು. ಒಮ್ಮೆ ಆಡಿ ಮುಗಿಸಿ ತೃಪ್ತಿಯಿಂದ ಎದ್ದು ಹೋಗುವ ಆಟದಿಂದ ಚಂದಾ ಉಳಿಯುವುದಿಲ್ಲವಲ್ಲ. ನೆಟ್‌ಫ್ಲಿಕ್ಸ್ ಇನ್ನೂ ಬೇಗ ಬೇಸರಗೊಂಡಿತು. ಮಾನ್ಯುಮೆಂಟ್ ವ್ಯಾಲಿ 3ನ್ನು 2024ರ ಡಿಸೆಂಬರಿನಲ್ಲಿ ತನ್ನ ಚಂದಾದಾರರಿಗೆ ಮಾತ್ರ ಎಂದು ಮೆರೆಸಿ, ಮರುವರ್ಷ ಜುಲೈಯಲ್ಲಿ ಹೊರಗೆ ಕಳಿಸಿತು. ಆ ಆಟಕ್ಕೆ ಬೇರೆ ವೇದಿಕೆಗಳು ಸಿಕ್ಕವು, ಬದುಕಿತು. ಎಲ್ಲ ಆಟಕ್ಕೂ ಆ ಭಾಗ್ಯವಿಲ್ಲ.

ನನ್ನನ್ನು ಈ ವಿಷಯದಲ್ಲಿ ಪೂರ್ತಿ ಕಹಿಯಾಗಿಸಿದ್ದು ಹೈ-ಫೈ ರಶ್. 2023ರ ಜನವರಿ 25ರಂದು ಮೈಕ್ರೋಸಾಫ್ಟಿನ ಕಾರ್ಯಕ್ರಮದಲ್ಲಿ ಅದನ್ನು ಮೊದಲ ಸಲ ತೋರಿಸಿ, ಈಗಲೇ ಆಡಿ ಎಂದರು. ಟ್ರೇಲರ್ ಇಲ್ಲ, ತಿಂಗಳುಗಟ್ಟಲೆ ಡಂಗುರವಿಲ್ಲ. ಆಗ ಮೈಕ್ರೋಸಾಫ್ಟಿನದೇ ಆಗಿದ್ದ ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಅದುವರೆಗೆ ಹೆಚ್ಚಾಗಿ ಮಾಡಿದ್ದು ಎದೆ ನಡುಗಿಸುವ ಹಾರರ್ ಆಟಗಳು. ಇದು ಅದಕ್ಕೆ ತದ್ವಿರುದ್ಧ, ಬಣ್ಣದ ಕಾರ್ಟೂನು. ಹಾಡಿನ ತಾಳಕ್ಕೆ ಸರಿಯಾಗಿ ಹೊಡೆದಾಡಬೇಕು. ನಿಮ್ಮ ಏಟು ಮಾತ್ರವಲ್ಲ, ಹಿನ್ನೆಲೆಯ ಪೈಪು, ಮರ, ಲಿಫ್ಟು, ಹೆಗಲ ಮೇಲೆ ಕೂತ ರೋಬಾಟ್ ಬೆಕ್ಕು ಎಲ್ಲವೂ ಒಂದೇ ಲಯಕ್ಕೆ ಮಿಡಿಯುತ್ತವೆ. ಆಟ ಮುಗಿಸಿ ಅಡುಗೆಮನೆಗೆ ಹೋದರೆ ಕುಕ್ಕರಿನ ಸೀಟಿಗೂ ಕಾಲು ತಾಳ ಹಾಕುತ್ತಿತ್ತು.

ವಿಮರ್ಶಕರು ಮೆಚ್ಚಿದರು. ಕೆಲವೇ ತಿಂಗಳಲ್ಲಿ 30 ಲಕ್ಷ ಆಟಗಾರರು ಎಂದರು. ಎಲ್ಲ ಅಳತೆಯಲ್ಲೂ ಇದು ನಮಗೆ ಗೆಲುವೇ ಎಂದು ಎಕ್ಸ್‌ಬಾಕ್ಸಿನ ಮಾರ್ಕೆಟಿಂಗ್ ಮುಖ್ಯಸ್ಥರೇ ಸಾರ್ವಜನಿಕವಾಗಿ ಬರೆದರು. 2024ರ ಮೇ 7ರಂದು ಮೈಕ್ರೋಸಾಫ್ಟ್ ಟ್ಯಾಂಗೊ ಗೇಮ್‌ವರ್ಕ್ಸನ್ನು ಮುಚ್ಚುತ್ತೇವೆ ಎಂದಿತು, ಅದೇ ದಿನ ತನ್ನ ಇನ್ನೊಂದು ಸ್ಟುಡಿಯೊ ಆರ್ಕೇನ್ ಆಸ್ಟಿನ್ನನ್ನೂ. ಮರುದಿನ ನೌಕರರ ಸಭೆಯಲ್ಲಿ ಕಂಪನಿಗೆ ಹೆಸರು, ಪ್ರಶಸ್ತಿ ತರುವ ಸಣ್ಣ ಆಟಗಳು ಬೇಕು ಎಂದು ಸ್ಟುಡಿಯೊಗಳ ಮೇಲ್ವಿಚಾರಕ ಮ್ಯಾಟ್ ಬೂಟಿ ಹೇಳಿದ್ದಾಗಿ ವರದಿಯಾಯಿತು. ಹಿಂದಿನ ದಿನ ಮುಚ್ಚಿದ್ದು ಯಾವುದನ್ನು, ಸ್ವಾಮಿ?

30 ಲಕ್ಷ ಆಟಗಾರರು ಅಂದರೆ ಏನು ಎಂದು ಅವತ್ತು ನನಗೆ ಹೊಳೆಯಿತು. ಪ್ರತಿ ಮಾರಿದ ಕಾಲದಲ್ಲಿ 30 ಲಕ್ಷ ಎಂದರೆ ಸ್ಟುಡಿಯೊದ ಮುಂದಿನ ಐದು ವರ್ಷದ ಅನ್ನ. ಅದನ್ನು ಯಾರೂ ಅಲ್ಲಗಳೆಯಲಾಗದು, ಬ್ಯಾಂಕಿನಲ್ಲಿ ಇರುತ್ತದೆ. ಚಂದಾದ ಕಾಲದ 30 ಲಕ್ಷದಲ್ಲಿ ಮೂರು ದಿನ ಬಿಟ್ಟೂಬಿಡದೆ ಆಡಿದವನೂ ಇದ್ದಾನೆ, ಇಳಿಸಿಕೊಂಡು ಹತ್ತು ನಿಮಿಷಕ್ಕೆ ಅಳಿಸಿದವನೂ ಇದ್ದಾನೆ. ಇವರಲ್ಲಿ ಯಾರ ಚಂದಾ ಯಾವ ಆಟದಿಂದ ಬಂತು ಎಂದು ಹೇಳಬಲ್ಲವರು ವೇದಿಕೆಯವರು ಮಾತ್ರ. ಅವರು ಇಂದು ಗೆಲುವು ಎಂದರೆ ಗೆಲುವು. ನಾಳೆ ಸಾಲದು ಎಂದರೆ ಸಾಲದು. ಸ್ಟುಡಿಯೊ ತನ್ನ ಪರವಾಗಿ ಮುಂದಿಡಲು ಬೇರೆ ಸಾಕ್ಷಿ ಇಲ್ಲ. (ಆ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಟ್ಯಾಂಗೊವನ್ನೂ ಹೈ-ಫೈ ರಶ್ ಹಕ್ಕನ್ನೂ ಕೊಂಡಿತು. ನಮ್ಮ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಆಟದ ಕಂಪನಿಯೇ ಅದು. ಕತೆ ಅಲ್ಲಿಗೆ ಸ್ವಲ್ಪ ಸುಖಾಂತ.)

ಔಟ್‌ರೈಡರ್ಸ್ ಎಂಬ ಗುಂಡು ಹಾರಿಸುವ ಆಟದ್ದೂ ನೆನಪಾಗುತ್ತದೆ. 2021ರ ಏಪ್ರಿಲಿನಲ್ಲಿ ಎಕ್ಸ್‌ಬಾಕ್ಸಿನಲ್ಲಿ ಮೊದಲ ದಿನವೇ ಗೇಮ್ ಪಾಸ್‌ಗೆ ಬಂತು. ಒಂದೇ ತಿಂಗಳಲ್ಲಿ 35 ಲಕ್ಷ ಆಟಗಾರರು ಎಂದು ಪ್ರಕಾಶಕರು ಬೀಗಿದರು. ಅದೇ ಆಗಸ್ಟಿನಲ್ಲಿ ಆಟ ಮಾಡಿದ ಪೋಲೆಂಡಿನ ಪೀಪಲ್ ಕ್ಯಾನ್ ಫ್ಲೈ ತಮಗೆ ಪ್ರಕಾಶಕರಿಂದ ಇನ್ನೂ ರಾಯಲ್ಟಿ ಬಂದಿಲ್ಲ, ಹಾಕಿದ ಬಂಡವಾಳ ಹುಟ್ಟಿದಂತಿಲ್ಲ ಎಂದು ಹೂಡಿಕೆದಾರರಿಗೆ ತಿಳಿಸಿತು. ಗೇಮ್ ಪಾಸೇ ಕಾರಣ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆಟಗಾರರ ಸಂಖ್ಯೆಯಿಂದ ಡೆವಲಪರನ ಕಿಸೆಯನ್ನು ಊಹಿಸುವುದು ವ್ಯರ್ಥ ಎನ್ನುವುದಷ್ಟೇ ನನ್ನ ಮಾತು.

ದೊಡ್ಡ ಆಟಗಳ ಲೆಕ್ಕ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದರಲ್ಲಿ ಗೊಂದಲ ಕಡಿಮೆ. ಕಾಲ್ ಆಫ್ ಡ್ಯೂಟಿಯಂಥ ಆಟಕ್ಕೆ ಪ್ರಚಾರ ಬೇಕಿಲ್ಲ, ವರ್ಷಾವರ್ಷ 70 ಡಾಲರ್ ಎಣಿಸುವ ಜನ ಸಿದ್ಧವಿದ್ದಾರೆ. ಆಕ್ಟಿವಿಷನ್ನಿನ ಆಗಿನ ಮುಖ್ಯಸ್ಥ ಬಾಬಿ ಕೋಟಿಕ್ 2023ರಲ್ಲಿ ಕೋರ್ಟಿನ ಮುಂದೆಯೇ ತನಗೆ ಇಂಥ ಚಂದಾ ಸೇವೆಗಳೆಂದರೆ ಆಗದು ಎಂದಿದ್ದರು. ಕಂಪನಿ ಮೈಕ್ರೋಸಾಫ್ಟಿನ ಪಾಲಾದ ಮೇಲೆ 2024ರ ಅಕ್ಟೋಬರಿನಲ್ಲಿ ಬ್ಲ್ಯಾಕ್ ಆಪ್ಸ್ 6 ಮೊದಲ ದಿನವೇ ಗೇಮ್ ಪಾಸ್‌ಗೆ ಬಂತು. ಅದರಿಂದ 30 ಕೋಟಿ ಡಾಲರಿಗೂ ಮಿಕ್ಕಿದ ಮಾರಾಟ ಕೈತಪ್ಪಿತು ಎಂದು ಒಬ್ಬ ಮಾಜಿ ನೌಕರರನ್ನು ಉಲ್ಲೇಖಿಸಿ ಬ್ಲೂಮ್‌ಬರ್ಗ್ ಮರುವರ್ಷ ಬರೆಯಿತು. ಸೋನಿ ಮಾತ್ರ ಮೊದಲಿನಿಂದ ಇದರಿಂದ ದೂರ. ತನ್ನ ದೊಡ್ಡ ಆಟಗಳನ್ನು ಮೊದಲ ದಿನ ಚಂದಾಕ್ಕೆ ಕೊಟ್ಟರೆ ಮುಂದಿನ ಆಟಕ್ಕೆ ಹಾಕಲು ಬಂಡವಾಳ ಉಳಿಯದು ಎಂದು ಆಗಿನ ಮುಖ್ಯಸ್ಥ ಜಿಮ್ ರಯನ್ 2022ರಲ್ಲೇ ಹೇಳಿದ್ದರು.

ಚಂದಾದಾರರ ಬೆಳವಣಿಗೆಯೂ ಕುಂಟಿತು. 2022ರ ಜನವರಿಯಲ್ಲಿ 2.5 ಕೋಟಿ ಇದ್ದದ್ದು 2024ರ ಫೆಬ್ರವರಿಗೆ 3.4 ಕೋಟಿ, ಅದೂ ಆನ್‌ಲೈನಿನಲ್ಲಿ ಆಡಲೆಂದು ಇದ್ದ ಹಳೆಯ ಲೈವ್ ಗೋಲ್ಡ್ ಚಂದಾದ ಸದಸ್ಯರನ್ನು ಹೆಸರು ಬದಲಿಸಿ ಸೇರಿಸಿಕೊಂಡ ಮೇಲೆ. ಹೊಸ ಜನ ಬರದಿದ್ದರೆ ಇರುವವರ ಮೇಲೆ ದರ ಏರಿಸಬೇಕು. 2025ರ ಅಕ್ಟೋಬರ್ 1ರಂದು ಗೇಮ್ ಪಾಸಿನ ಮೇಲ್ದರ್ಜೆಯಾದ ಅಲ್ಟಿಮೇಟ್ ದರ ಅಮೆರಿಕದಲ್ಲಿ 19.99ರಿಂದ 29.99 ಡಾಲರಿಗೆ ಹೋಯಿತು, ನಮ್ಮಲ್ಲಿ 829ರಿಂದ 1,389 ರೂಪಾಯಿಗೆ. ಅವತ್ತು ರದ್ದು ಮಾಡಲು ನುಗ್ಗಿದವರ ಭಾರಕ್ಕೆ ಆ ಪುಟವೇ ತೆರೆಯದಾಯಿತು. ಆ ಹೊತ್ತಿಗೆ ಡೆವಲಪರ್‌ಗಳೂ ಬಾಯಿಬಿಟ್ಟಿದ್ದರು. ಅದೇ ಜುಲೈಯಲ್ಲಿ ಮೈಕ್ರೋಸಾಫ್ಟ್ 9,000 ಜನರನ್ನು ಮನೆಗೆ ಕಳಿಸಿದಾಗ, ಆರ್ಕೇನ್ ಸ್ಥಾಪಕ ರಫೇಲ್ ಕೊಲಾಂಟೋನಿಯೊ ಗೇಮ್ ಪಾಸಿನ ಬಗ್ಗೆ ಯಾಕೆ ಯಾರೂ ಮಾತೆತ್ತುತ್ತಿಲ್ಲ, ಇದು ಬಾಳಿಕೆ ಬರುವ ವ್ಯವಸ್ಥೆಯಲ್ಲ, ಮೈಕ್ರೋಸಾಫ್ಟಿನ ಮುಗಿಯದ ದುಡ್ಡಿನ ಮೇಲೆ ನಿಂತಿದೆ ಎಂದು ಬರೆದರು. ಪ್ಲೇಸ್ಟೇಷನ್ನಿನ ಮಾಜಿ ಮುಖ್ಯಸ್ಥ ಶಾನ್ ಲೇಡನ್ ಇನ್ನೂ ಖಾರವಾಗಿ, ಡೆವಲಪರ್‌ಗಳು ಕೂಲಿಯಾಳುಗಳಾಗುತ್ತಾರೆ ಎಂದರು.

ಕೂಲಿ ಎಂಬ ಮಾತು ಬೆಂಗಳೂರಿಗೆ ಬೇರೆಯೇ ರೀತಿ ಕೇಳಿಸುತ್ತದೆ. ಇಲ್ಲಿ ಆಟದ ಕೆಲಸ ಶುರುವಾದದ್ದೇ ಹಾಗೆ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಆಯುಧಗಳ ಮಾದರಿ ಕಟ್ಟಿಕೊಟ್ಟು ಹೆಸರಾಯಿತು. 2019ರಲ್ಲಿ ಅದನ್ನು ಕೊಂಡ ಜಿಟಿಎ ಆಟಗಳ ರಾಕ್‌ಸ್ಟಾರ್ ತನ್ನ ಇಲ್ಲಿನ ತಂಡಕ್ಕೆ ಸೇರಿಸಿಕೊಂಡಿತು. ಈ ಕೆಲಸದಲ್ಲಿ ಆಟ ಕೋಟಿ ಮಾರಲಿ, ಮೂಲೆಗೆ ಬೀಳಲಿ, ನಿಮಗೆ ಬರುವುದು ಮೊದಲೇ ಗೊತ್ತಾದ ಸಂಬಳ. ಅಂಥ ಕಡೆ ಕೆಲಸ ಮಾಡುವ ಗೆಳೆಯನ ಹತ್ತಿರ ಲೇಡನ್ ಮಾತು ಹೇಳಿದರೆ ನಕ್ಕ. "ಅವ್ರಿಗೀಗ ಗೊತ್ತಾಗ್ತಿದೆ ಮಾರಾಯ. ನಮ್ಗೆ ಬರೋ ಮೊದಲ ಸುದ್ದಿಯೇ ಪ್ರಾಜೆಕ್ಟ್ ಹೋಲ್ಡ್ ಅಂತ. ಯಾಕೆ ಅಂತ ಯಾರೂ ಹೇಳಲ್ಲ" ಅಂದ. ಬೇರೆ ಖಂಡದ ಒಂದು ಖರೀದಿ ಟೇಬಲ್ಲಿನಲ್ಲಿ ಬಜೆಟ್ ಕತ್ತರಿಸಿದರೆ ಅದರ ಕೊನೆಯ ತುದಿ ಇಲ್ಲಿಯ ಬಾಡಿಗೆ ಮನೆಗೆ ತಾಗುತ್ತದೆ.

ಆಟಗಾರನಾಗಿ ನನ್ನಲ್ಲಾದ ಬದಲಾವಣೆ ನನಗೇ ಇಷ್ಟವಿಲ್ಲ. ದುಡ್ಡು ಕೊಟ್ಟು ಕೊಂಡ ಆಟ ಮೊದಲೆರಡು ಗಂಟೆ ಬೋರಾದರೂ ತಾಳಿಕೊಳ್ಳುತ್ತೇನೆ, ನಾಲ್ಕು ಸಾವಿರ ಹಾಕಿದ್ದೀನಲ್ಲ ಎಂಬ ಜಿಪುಣತನಕ್ಕಾದರೂ. ಚಂದಾದ ಆಟಕ್ಕೆ ಆ ತಾಳ್ಮೆ ಸಿಗುವುದಿಲ್ಲ. ಮೊದಲ ಬಾಸ್ (ಹಂತದ ಕೊನೆಯ ದೊಡ್ಡ ಎದುರಾಳಿ) ಎರಡು ಸಲ ಸೋಲಿಸಿದರೆ ಅಳಿಸಿ ಇನ್ನೊಂದಕ್ಕೆ ಕೈ. "ಶೀಘ್ರದಲ್ಲೇ ಹೋಗಲಿವೆ" ಎಂಬ ಪಟ್ಟಿ ಬಂದಾಗ ಮಾತ್ರ ಪರೀಕ್ಷೆಯ ಹಿಂದಿನ ರಾತ್ರಿಯ ಗಡಿಬಿಡಿ. ನಿಧಾನಕ್ಕೆ ತೆರೆದುಕೊಳ್ಳುವ ಆಟ ಇಂಥ ಆಟಗಾರನಿಗೆ ಹೊಂದುವುದಿಲ್ಲ, ಮೊದಲ ಹತ್ತು ನಿಮಿಷದಲ್ಲೇ ಕಾಲರ್ ಹಿಡಿಯುವ ಆಟ ಹೊಂದುತ್ತದೆ. ಖರೀದಿ ಟೇಬಲ್ಲಿನವರು ನೋಡುತ್ತಿರುವುದು ನನ್ನ ಈ ಚಟವನ್ನೇ ತಾನೇ.

2024ರ ಜನವರಿಯಲ್ಲಿ ಆಟಗಳನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಇರುವುದು ಜನರಿಗೆ ರೂಢಿಯಾಗಬೇಕು ಎಂಬರ್ಥದ ಮಾತನ್ನು ಆಟದ ಕಂಪನಿ ಯೂಬಿಸಾಫ್ಟಿನ ಚಂದಾ ವಿಭಾಗದ ಅಧಿಕಾರಿ ಆಡಿದಾಗ, ಲೇರಿಯನ್ನಿನ ಮುಖ್ಯಸ್ಥ ಸ್ವೆನ್ ವಿಂಕ ಉತ್ತರ ಕೊಟ್ಟಿದ್ದರು. ಚಂದಾವೇ ಮುಖ್ಯ ದಾರಿಯಾಗಿ, ಯಾವ ಆಟ ಮಾರುಕಟ್ಟೆಗೆ ಬರಬೇಕೆಂದು ಕೆಲವೇ ಜನ ನಿರ್ಧರಿಸುವಂತಾದರೆ ಒಳ್ಳೆಯ ಆಟ ಸಿಗುವುದು ಕಷ್ಟವಾಗುತ್ತದೆ, ಡೆವಲಪರಿನಿಂದ ನೇರ ಆಟಗಾರನಿಗೆ ಹೋಗುವುದೇ ಸರಿ ಎಂದರು. 50 ಲಕ್ಷ ಡಾಲರ್ ಬೆಲೆ ಕಟ್ಟಿಸಿಕೊಂಡ ಆಟದ ಯಜಮಾನನ ಬಾಯಲ್ಲಿ ಆ ಮಾತಿಗೆ ತೂಕವಿದೆ.

ಆದರೆ ವಿಂಕ ಅವರ ಹಿಂದೆ ಎರಡು ದಶಕಕ್ಕೂ ಮಿಕ್ಕಿದ ಸ್ಟುಡಿಯೊ ಇದೆ. ಇಂದಿರಾನಗರದ ಒಂದು ಫ್ಲಾಟಿನಲ್ಲೋ ಮೈಸೂರಿನ ಮಹಡಿ ಮೇಲಿನ ಕೋಣೆಯಲ್ಲೋ ನಾಲ್ಕು ಜನ ಕೂತು ಮೊದಲ ಆಟ ಮಾಡುತ್ತಿದ್ದಾರೆ ಅಂದುಕೊಳ್ಳಿ. ಅವರಿಗೆ ಆ 50 ಲಕ್ಷ ಡಾಲರಿನ ನೂರನೇ ಒಂದು ಪಾಲಿನ ಚೆಕ್ ಮುಂದೆ ಬಂದರೂ ನಾನಂತೂ ಬೇಡ ಅನ್ನಿ ಎನ್ನಲಾರೆ. ತಗೊಳ್ಳಿ ಎನ್ನುತ್ತೇನೆ, ಇಷ್ಟು ನೋಡಿಕೊಂಡು. ಅದೇ ದಿನ ಸ್ಟೀಮಿನಲ್ಲೂ ಬಿಡುಗಡೆ ಮಾಡುವ ಹಕ್ಕು ನಿಮ್ಮ ಕೈಯಲ್ಲಿರಲಿ. ಎಷ್ಟು ತಿಂಗಳು ಎಂದು ಒಪ್ಪಂದದಲ್ಲಿ ಬರೆದಿರಲಿ. ಬಿಡುಗಡೆ ಮುಂದಕ್ಕೆ ಹೋದರೆ ಮೊತ್ತವನ್ನು ಮತ್ತೆ ಮಾತಾಡುವ ಒಂದು ಸಾಲು ಇರಲಿ, ಓಡ್‌ವರ್ಲ್ಡ್‌ನವರಿಗೆ ಅದೊಂದಿದ್ದಿದ್ದರೆ ಸಾಕಿತ್ತು. ಎಷ್ಟು ಜನ ಆಡಿದರು, ಎಷ್ಟು ಹೊತ್ತು ಆಡಿದರು ಎಂಬ ಪೂರ್ತಿ ಲೆಕ್ಕ ನಿಮಗೂ ಬರಲಿ. ಇನ್ನು ಎರಡನೇ ಆಟದ ಬಜೆಟ್ ಬರೆಯುವಾಗ ಆ ಚೆಕ್ಕನ್ನು ಆದಾಯದ ಕಾಲಮ್ಮಿಗೆ ಸೇರಿಸಿಕೊಳ್ಳಬೇಡಿ.